ತಲಕಾವೇರಿಯಿಂದ ಪೂಂಪುಹಾರ್‌ಗೆ: ಸೈಕಲ್‌ನಲ್ಲಿ ಒಬ್ಬಳೇ ಹೊರಡುವ ಮೊದಲು

ತಲಕಾವೇರಿಯಿಂದ ಹೊರಟು, ಕಾವೇರಿ ಸಮುದ್ರ ಸೇರುವ ಪೂಂಪುಹಾರ್‌ವರೆಗೆ ಸೈಕಲ್‌ನಲ್ಲಿ ಒಬ್ಬಳೇ ಹೋಗಬೇಕು ಅನ್ನುವುದು ನನ್ನ ತುಂಬಾ ಹಳೆಯ ಆಸೆ. ನದಿಯ ಉದ್ದ ಸುಮಾರು 800 ಕಿ.ಮೀ. ರಸ್ತೆ ಲೆಕ್ಕದಲ್ಲೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಹೋಗಿಬಂದ ಮೇಲೆ ಜನ ಕೇಳುವುದು ದಾರಿಯ ಚೆಂದವನ್ನಲ್ಲ. ಎಷ್ಟು ಭಾರ ಹೊತ್ತೆ, ಎಲ್ಲಿ ಮಲಗಿದೆ, ಪಂಕ್ಚರ್ ಆದರೆ ಏನು ಮಾಡಿದೆ, ಒಬ್ಬಳೇ ಹೆದರಿಕೆ ಆಗಲಿಲ್ವಾ ಅಂತ ಕೇಳುತ್ತಾರೆ. ಅದಕ್ಕೆಲ್ಲ ಉತ್ತರ ಹೊರಡುವ ಮೊದಲಿನ ದಿನಗಳಲ್ಲೇ ಇದೆ. ಅದನ್ನೇ ಬರೆಯುತ್ತೇನೆ.

ಮೊದಲು ಕೂತಿದ್ದು ತಾರೀಕಿನ ಲೆಕ್ಕಕ್ಕೆ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈಕಲ್ ಮಾತೇ ಇಲ್ಲ. ಮಳೆ ಬಿಡುವು ಕೊಡುವ ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣ ಬರುತ್ತದೆ, ತೀರ್ಥೋದ್ಭವದ ಹೊತ್ತಿಗೆ ತಲಕಾವೇರಿಯಿಂದ ಹೊರಟರೆ ಎಷ್ಟು ಚೆನ್ನ ಅನಿಸಿತ್ತು. ಆದರೆ ಆಗಲೇ ತಮಿಳುನಾಡಿನ ಕಡೆ ಹಿಂಗಾರು ಶುರುವಾಗುತ್ತದೆ. ತಂಜಾವೂರು, ಮೈಲಾಡುತುರೈ ಕಡೆಯ ದೊಡ್ಡ ಮಳೆಯೆಲ್ಲ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆಮೇಲೆ ನಮ್ಮಲ್ಲಿ ಕಾಫಿ ಕೊಯ್ಲು. ನಮ್ಮದು ಬಹುಪಾಲು ಅರೇಬಿಕಾ. ಜನವರಿ ಮುಗಿಯುವವರೆಗೆ ತೋಟ ಬಿಟ್ಟು ಅಲ್ಲಾಡುವ ಹಾಗಿಲ್ಲ. ಮಾರ್ಚ್ ಬಂತೆಂದರೆ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತಾ ಇಲ್ವಾ ಅಂತ ಆಕಾಶ ನೋಡುವ ಕೆಲಸ. ಉಳಿದದ್ದು ಫೆಬ್ರವರಿ ಒಂದೇ.

ಫೆಬ್ರವರಿ ಅಂದ ಕೂಡಲೇ ಇನ್ನೊಂದು ವಿಷಯ ಎದುರಾಯಿತು. ಮೆಟ್ಟೂರು ಅಣೆಕಟ್ಟೆಯಿಂದ ಬಯಲಿಗೆ ನೀರು ಬಿಡುವುದು ವಾಡಿಕೆಯಂತೆ ಜೂನ್ 12ರಿಂದ ಜನವರಿ 28ರವರೆಗೆ. ಅಂದರೆ ನಾನು ಹೋಗುವ ಹೊತ್ತಿಗೆ ಮೆಟ್ಟೂರಿನ ಕೆಳಗೆ ಹೊಳೆಯಲ್ಲಿ ಮರಳೇ ಜಾಸ್ತಿ. ನಮ್ಮ ಬೇತ್ರಿ ಸೇತುವೆಯ ಕೆಳಗೆ ಆಗಸ್ಟ್‌ನಲ್ಲಿ ಕೆಂಪಗೆ ಉಕ್ಕುವ ಹೊಳೆ ನೋಡಿ ಬೆಳೆದವಳಿಗೆ ಇದು ಸಣ್ಣ ವಿಷಯ ಅನಿಸಲಿಲ್ಲ. ತುಂಬಾ ಯೋಚನೆ ಮಾಡಿದೆ. ಕೊನೆಗೆ, ನೀರು ಇರುವ ಕಡೆ ಇರುವ ಹಾಗೆ, ಇಲ್ಲದ ಕಡೆ ಇಲ್ಲದ ಹಾಗೆ ಕಾವೇರಿಯನ್ನು ನೋಡೋಣ ಅಂತ ಫೆಬ್ರವರಿಯನ್ನೇ ಗಟ್ಟಿ ಮಾಡಿದೆ.

ಆಮೇಲೆ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ ಮೇಜಿನ ಮೇಲೆ ಹರಡಿದೆ. ಕೊಳ್ಳೇಗಾಲದಿಂದ ಮೆಟ್ಟೂರಿಗೆ ನಾನು ಆರಿಸಿದ ರಸ್ತೆ ಮಲೆ ಮಹದೇಶ್ವರ ಬೆಟ್ಟದ ಮೇಲೆ ಹೋಗುತ್ತದೆ. ಅಮಾವಾಸ್ಯೆಗೆ, ಶಿವರಾತ್ರಿಗೆ ಅಲ್ಲಿ ಜನಸಾಗರ. ರೂಮು ಸಿಗುವುದಿಲ್ಲ, ಘಟ್ಟದ ರಸ್ತೆಯಲ್ಲಿ ಬಸ್ಸುಗಳ ಸಾಲು. ಈರೋಡು, ಕರೂರಿನ ಕಡೆ ತೈಪೂಸಂ ಹುಣ್ಣಿಮೆಗೆ ಪಳನಿಗೆ ನಡೆದುಹೋಗುವವರಿಂದ ರಸ್ತೆ ತುಂಬಿರುತ್ತದೆ. ಈ ದಿನಗಳಿಗೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದೆ. ನನ್ನ ಮುಟ್ಟಿನ ದಿನಗಳಿಗೂ ಹಾಕಿದೆ. ಬೆಟ್ಟ ಹತ್ತುವ ದಿನ ಇವು ಯಾವುದೂ ಎದುರಾಗಬಾರದು. ಹಾಗೆ ನೋಡುತ್ತಾ ಹೋದಾಗ ಹೊರಡುವ ದಿನ ತಾನಾಗಿಯೇ ಬಂದು ನಿಂತಿತು.

ದಾರಿ ಗುರುತು ಮಾಡಲು ಫೋನಿನ ಮ್ಯಾಪ್ ಒಂದನ್ನೇ ನಂಬಲಿಲ್ಲ. ಅದು ಯಾವತ್ತೂ ಬೇಗ ತಲುಪುವ ರಸ್ತೆ ತೋರಿಸುತ್ತದೆ. ನನಗೆ ಬೇಕಾದದ್ದು ಹೊಳೆಗೆ ಹತ್ತಿರದ, ಲಾರಿ ಕಮ್ಮಿ ಇರುವ ರಸ್ತೆ. ತಲಕಾವೇರಿಯಿಂದ ಭಾಗಮಂಡಲ, ನಾಪೋಕ್ಲು, ಮೂರ್ನಾಡು. ಅಲ್ಲಿಂದ ಬೇತ್ರಿ ದಾಟಿ ವಿರಾಜಪೇಟೆ, ಅಮ್ಮತ್ತಿ, ಸಿದ್ದಾಪುರ, ನೆಲ್ಯಹುದಿಕೇರಿ, ಗುಡ್ಡೆಹೊಸೂರು, ಕುಶಾಲನಗರ. ಕುಶಾಲನಗರದಿಂದ ಮೈಸೂರಿಗೆ ಹೆದ್ದಾರಿ ಇದ್ದರೂ ನಾನು ಕಣಿವೆ, ಕೊಣನೂರು, ರಾಮನಾಥಪುರ, ಸಾಲಿಗ್ರಾಮ, ಚುಂಚನಕಟ್ಟೆ, ಕೃಷ್ಣರಾಜನಗರದ ದಾರಿ ಹಿಡಿಯುವುದೆಂದು ಬರೆದುಕೊಂಡೆ. ಅದು ಹೊಳೆಯನ್ನು ಬಿಡದೆ ಹೋಗುವ ದಾರಿ. ಆಮೇಲೆ ಕೆಆರ್‌ಎಸ್, ಶ್ರೀರಂಗಪಟ್ಟಣ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕ್‌ಗಳಿಗೇ ಪ್ರವೇಶ ಇಲ್ಲ, ಸೈಕಲ್‌ಗೂ ಇಲ್ಲ. ನನಗೆ ಅದನ್ನು ದಾಟಿದರೆ ಸಾಕಿತ್ತು. ದಾಟಿ ಬನ್ನೂರು, ತಿರುಮಕೂಡಲು ನರಸೀಪುರ, ತಲಕಾಡು, ಶಿವನಸಮುದ್ರ, ಕೊಳ್ಳೇಗಾಲ, ಹನೂರು, ಮಾದಪ್ಪನ ಬೆಟ್ಟ, ಪಾಲಾರ್, ಮೆಟ್ಟೂರು. ಅಲ್ಲಿಂದ ಭವಾನಿ, ಈರೋಡು, ಕೊಡುಮುಡಿ, ಕರೂರು, ಶ್ರೀರಂಗಂ, ಕಲ್ಲಣೈ, ತಿರುವೈಯಾರು, ಕುಂಭಕೋಣಂ, ಮೈಲಾಡುತುರೈ, ಪೂಂಪುಹಾರ್.

ಈ ಊರುಗಳ ಹೆಸರನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದೆ. ಪ್ರತಿ ಹೆಸರಿನ ಮುಂದೆ ನಾಲ್ಕು ವಿಷಯ: ಹಿಂದಿನ ಊರಿಂದ ಎಷ್ಟು ದೂರ, ಲಾಡ್ಜ್ ಇದೆಯಾ, ಸೈಕಲ್ ಶಾಪ್ ಇದೆಯಾ, ಊಟ ಸಿಗುತ್ತಾ. ತಯಾರಿಯಲ್ಲಿ ನಾನು ಮಾಡಿದ ಅತಿ ಒಳ್ಳೆಯ ಕೆಲಸ ಈ ಹಾಳೆ. ಯಾಕೆಂದರೆ ಚೀಲಕ್ಕೆ ಏನು ಹಾಕಬೇಕು ಅನ್ನುವುದನ್ನು ಆಮೇಲೆ ಅದೇ ಹೇಳಿತು. ಯಾವ ವಸ್ತು ಕೈಗೆತ್ತಿಕೊಂಡರೂ ಒಂದೇ ಪ್ರಶ್ನೆ: ಇದು ದಾರಿಯಲ್ಲಿ ಸಿಗುತ್ತದಾ? ಸಿಗುವುದಾದರೆ ಹೊರುವುದು ಯಾಕೆ? ಸಿಗದಿದ್ದರೆ, ಅದು ಎಷ್ಟೇ ಸಣ್ಣದಾದರೂ ಬಿಟ್ಟು ಹೊರಡಬಾರದು.

ದಿನಕ್ಕೆ 60ರಿಂದ 70 ಕಿ.ಮೀ. ಅಂತ ಇಟ್ಟುಕೊಂಡೆ. ಖಾಲಿ ಸೈಕಲ್‌ನಲ್ಲಿ 100 ತುಳಿಯುವುದು ಕಷ್ಟ ಅಲ್ಲ. ಭಾರ ಇದ್ದಾಗ, ಮರುದಿನವೂ ಅದರ ಮರುದಿನವೂ ತುಳಿಯುವುದು ಬೇರೆ ವಿಷಯ. ಬೆಟ್ಟದ ಕಡೆ ಇನ್ನೂ ಕಮ್ಮಿ ಮಾಡಿದೆ. ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಸುಮಾರು 80 ಕಿ.ಮೀ. ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ಕೊನೆಯ ಏರು ಮಧ್ಯಾಹ್ನದ ಬಿಸಿಲಿಗೆ ಬೀಳುತ್ತದೆ, ಸ್ವಲ್ಪ ತಡವಾದರೆ ಕಾಡಿನ ನಡುವೆ ಕತ್ತಲೆ. ಅದಕ್ಕೇ ಹನೂರಿನಲ್ಲಿ ಒಂದು ರಾತ್ರಿ.

ಕಾಡಿನ ವಿಷಯ ಬಂತಲ್ಲ. ಆನೆ ನಮಗೆ ಹೊಸದಲ್ಲ. ಸಿದ್ದಾಪುರದ ಕಡೆಯ ತೋಟಗಳಲ್ಲಿ ಕೆಲಸಕ್ಕೆ ಹೋಗುವವರು ಬೆಳಗ್ಗೆ ಆನೆ ಎಲ್ಲಿದೆ ಅಂತ ಕೇಳಿಕೊಂಡೇ ಮನೆಯಿಂದ ಹೊರಗೆ ಕಾಲಿಡುತ್ತಾರೆ. ಆದರೆ ಜೀಪಿನಲ್ಲಿ ಕೂತು ಆನೆ ನೋಡುವುದಕ್ಕೂ, ಏರಿನಲ್ಲಿ ಗಂಟೆಗೆ ಆರೇಳು ಕಿ.ಮೀ. ವೇಗದಲ್ಲಿ ಏದುಸಿರು ಬಿಡುತ್ತಾ ತಿರುವಿನಲ್ಲಿ ಎದುರಾಗುವುದಕ್ಕೂ ವ್ಯತ್ಯಾಸ ಇದೆ. ಸೈಕಲ್ ಸದ್ದು ಮಾಡುವುದಿಲ್ಲ. ಆನೆಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಹಾಗಾಗಿ ಪೂರ್ತಿ ಬೆಳಕಾಗದೆ ಕಾಡಿನ ರಸ್ತೆಗೆ ಇಳಿಯುವುದಿಲ್ಲ, ಸಂಜೆ ನಾಲ್ಕರ ಮೇಲೆ ಹೊಸದಾಗಿ ಯಾವ ಕಾಡೂ ಹೊಗುವುದಿಲ್ಲ ಅಂತ ನಿಯಮ ಮಾಡಿಕೊಂಡೆ. ಗೋಣಿಕೊಪ್ಪದಿಂದ ತಿತಿಮತಿ ಮೇಲೆ ಹುಣಸೂರಿಗೆ ಹೋಗುವ ರಸ್ತೆ ಚೆನ್ನಾಗಿದೆ, ಹತ್ತಿರವೂ ಹೌದು. ಆ ಕಾಡಿನ ಕಾರಣಕ್ಕೇ ಅದನ್ನು ಬಿಟ್ಟೆ.

ಇನ್ನು ಸೈಕಲ್. ನನ್ನದು ಗೇರ್ ಇರುವ ಸಾದಾ ಹೈಬ್ರಿಡ್, ಅಂದರೆ ರಸ್ತೆ ಸೈಕಲ್, ಬೆಟ್ಟದ ಸೈಕಲ್ ಎರಡರ ನಡುವಿನದು. ಕೊಡಗಿನ ಏರುಗಳಿಗೆ ಅಂತಲೇ ನೋಡಿ ತೆಗೆದುಕೊಂಡದ್ದು. ಪೆಡಲ್ ಹತ್ತಿರದ ಸಣ್ಣ ಗೇರ್ ಚಕ್ರಕ್ಕೆ 28 ಹಲ್ಲು, ಹಿಂದಿನ ದೊಡ್ಡದಕ್ಕೆ 34. ಅಂದರೆ ಏರಿನಲ್ಲಿ ತುಳಿತ ಹಗುರ. ಭಾರ ಹಾಕಿದರೂ ಕೂತುಕೊಂಡೇ ಹತ್ತಬಹುದು. ಟೈರ್ 35 ಮಿ.ಮೀ. ಅಗಲ. ಹೊಸ ಟೈರ್ ಹಾಕಿಸಿ ಸ್ವಲ್ಪ ದಿನ ಓಡಿಸಿದ ಮೇಲೆಯೇ ಹೊರಟೆ.

ಕೊಡಗಿನಲ್ಲಿ ಇಂಥ ಸೈಕಲ್‌ನ ಬಿಡಿಭಾಗ ಹುಡುಕುವುದು ಕಷ್ಟ ಅಂತ ಮೈಸೂರಿಗೆ ಒಯ್ದು ಪೂರ್ತಿ ಸರ್ವೀಸ್ ಮಾಡಿಸಿದೆ. ಅಲ್ಲಿನ ಮೆಕ್ಯಾನಿಕ್ ಹಿರಿಯರು, ಮಾತು ಕಮ್ಮಿ. ಪೂಂಪುಹಾರ್ ಅಂತ ಹೇಳಿದ ಕೂಡಲೇ ಬೇರೆಲ್ಲ ಬಿಟ್ಟು ಹಿಂದಿನ ಚಕ್ರ ಬಿಚ್ಚಿ ಕೂತರು. "ಭಾರ ಪೂರ್ತಿ ಇದರ ಮೇಲೇ ಬೀಳೋದು, ಮೊದಲು ಕಡ್ಡಿ ನೋಡಬೇಕಮ್ಮ" ಅಂದರು. ಪ್ರತಿ ಕಡ್ಡಿಯನ್ನೂ ಬೆರಳಿನಿಂದ ಮೀಟಿ ಶಬ್ದ ಕೇಳಿದರು. ಸಡಿಲ ಇದ್ದದ್ದನ್ನು ಬಿಗಿ ಮಾಡಿ, ರಿಮ್‌ನ ಬೆಂಡ್ ತೆಗೆದರು. ಹಿಂದಿನ ಚಕ್ರದ ಬಲಗಡೆಯ ಕಡ್ಡಿ, ಎಡಗಡೆಯ ಕಡ್ಡಿ ಉದ್ದದಲ್ಲಿ ಒಂದೆರಡು ಮಿ.ಮೀ. ವ್ಯತ್ಯಾಸ ಇರುತ್ತದೆ. ಎರಡೂ ಅಳತೆಯ ಕಡ್ಡಿಗಳನ್ನು ಕೊಟ್ಟು, ಫ್ರೇಮ್‌ನ ಕೆಳಗಿನ ಕೊಳವೆಗೆ ಟೇಪ್ ಸುತ್ತಿ ಕಟ್ಟಿದರು. ಭಾರವೇ ಇಲ್ಲ, ಜಾಗವೂ ಬೇಡ. ಹಳ್ಳಿಯ ಶಾಪ್‌ನಲ್ಲಿ ಸಿಗುವ ದಪ್ಪ ಕಡ್ಡಿ ಈ ಚಕ್ರಕ್ಕೆ ಹೊಂದುವುದೇ ಇಲ್ಲ.

ಬಲಗಡೆಯ ಕಡ್ಡಿ ಮುರಿದರೆ ಗೇರ್ ಚಕ್ರಗಳ ಗೊಂಚಲನ್ನೇ ಬಿಚ್ಚಬೇಕು. ಅದಕ್ಕೆ ಹಲ್ಲು ಹಲ್ಲಾದ ಒಂದು ಸಣ್ಣ ಟೂಲ್ ಬೇಕು, ಅದನ್ನು ತಿರುಗಿಸಲು ದೊಡ್ಡ ಸ್ಪ್ಯಾನರ್ ಬೇಕು. ಸಣ್ಣ ಟೂಲ್ ತೆಗೆದುಕೊಂಡೆ, ದೊಡ್ಡ ಸ್ಪ್ಯಾನರ್ ಬಿಟ್ಟೆ. ಸ್ಪ್ಯಾನರ್ ಯಾವ ಊರಿನ ಗ್ಯಾರೇಜಿನಲ್ಲೂ ಇರುತ್ತದೆ. ಈ ಟೂಲ್ ಇರುವುದಿಲ್ಲ. ನನ್ನ ಇಡೀ ಪ್ಯಾಕಿಂಗ್ ಲೆಕ್ಕ ಇಷ್ಟೇ.

ಟ್ಯೂಬಿನ ವಿಷಯವೂ ಹಾಗೇ. ನನ್ನ ಚಕ್ರದಲ್ಲಿರುವುದು ಸಪೂರ ಮೂತಿಯ ಪ್ರೆಸ್ಟಾ ವಾಲ್ವ್. ಊರುಗಳಲ್ಲಿ ಈ ಟ್ಯೂಬ್ ಸಿಗುವುದಿಲ್ಲ, ಪೆಟ್ರೋಲ್ ಬಂಕಿನ ಗಾಳಿ ಪೈಪು ಇದಕ್ಕೆ ಕೂರುವುದಿಲ್ಲ. ಎರಡು ಟ್ಯೂಬ್, ಒಂದು ಕೈಪಂಪ್, ಪಂಕ್ಚರ್ ಅಂಟಿಸುವ ಸಾಮಾನು ಇಟ್ಟುಕೊಂಡೆ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಮುಂದಿನ ವಾಲ್ವ್‌ಗೆ ಸಿಕ್ಕಿಸಿಯೇ ಬಿಟ್ಟೆ. ಅದಿದ್ದರೆ ಬಂಕಿನಲ್ಲೂ ಗಾಳಿ ಹೊಡೆಸಬಹುದು. ಸ್ವಲ್ಪ ಸ್ವಲ್ಪವೇ ಹೊಡೆಯಲು ಹೇಳಬೇಕು. ಸೈಕಲ್ ಟ್ಯೂಬ್ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತುಂಬಿಬಿಡುತ್ತದೆ.

ಕೊಡಗಿನ ರಸ್ತೆಯಲ್ಲಿ ಪಂಕ್ಚರ್ ಆಗುವುದು ಗಾಜಿಗೋ, ತಂತಿ ಚೂರಿಗೋ. ಬಯಲಿಗೆ ಇಳಿದ ಮೇಲೆ ಬೇರೆ ಶತ್ರು. ಅದು ಬಳ್ಳಾರಿ ಜಾಲಿ. ತಮಿಳುನಾಡಿನ ರಸ್ತೆ ಬದಿಯಲ್ಲಿ ಎಲ್ಲಿ ನೋಡಿದರೂ ಇರುತ್ತದೆ. ಮುಳ್ಳು ಟೈರಿಗೆ ಚುಚ್ಚಿ, ಹೊರಗಿನ ತುದಿ ಮುರಿದು ಬೀಳುತ್ತದೆ. ಒಳಗೆ ಅಕ್ಕಿ ನುಚ್ಚಿನಷ್ಟು ಮೊನೆ ಉಳಿದುಬಿಡುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಹತ್ತು ನಿಮಿಷಕ್ಕೆ ಅದೂ ಹೋಯಿತು. ಬರಿಗೈ ಆಡಿಸಿದರೆ ಬೆರಳಿಗೆ ಚುಚ್ಚುತ್ತದೆ, ಕಣ್ಣಿಗಂತೂ ಕಾಣುವುದಿಲ್ಲ. ಸಣ್ಣ ಹತ್ತಿಯ ಉಂಡೆಯನ್ನು ಟೈರಿನ ಒಳಗೋಡೆಗೆ ಒತ್ತಿ ಸುತ್ತಲೂ ಎಳೆಯಬೇಕು. ಮೊನೆ ಇರುವ ಕಡೆ ಹತ್ತಿಯ ಎಳೆ ಸಿಕ್ಕಿ ನಿಲ್ಲುತ್ತದೆ. ಅಲ್ಲಿ ಟೈರನ್ನು ಬಗ್ಗಿಸಿ, ಹುಬ್ಬು ಕೀಳುವ ಚಿಮಟದಿಂದ ತೆಗೆಯುವುದು. ಚಿಮಟ, ಹತ್ತಿ ಎರಡೂ ಔಷಧಿ ಡಬ್ಬಿಯಲ್ಲೇ ಇದ್ದವು. ಹೊರಡುವ ಮೊದಲು ಮನೆಯ ಅಂಗಳದಲ್ಲಿ ಹಿಂದಿನ ಚಕ್ರ ಬಿಚ್ಚುವುದು, ಟ್ಯೂಬ್ ಬದಲಿಸುವುದು, ಮತ್ತೆ ಹಾಕುವುದು, ಇದನ್ನೇ ಕೈಗೆ ಅಭ್ಯಾಸ ಆಗುವವರೆಗೆ ಮಾಡಿದೆ. ಕತ್ತಲಲ್ಲಿ ಟಾರ್ಚ್ ಹಿಡಿದುಕೊಂಡೂ ಮಾಡಿದೆ. ಒಬ್ಬರೇ ಹೋಗುವವರಿಗೆ ಧೈರ್ಯ ಬರುವುದು ಇಂಥ ಕೆಲಸದಿಂದ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಉಳಿದ ರಿಪೇರಿ ಸಾಮಾನು ಸಂಕ್ಷೇಪದಲ್ಲಿ ಹೇಳಿಬಿಡುತ್ತೇನೆ. ಅಲೆನ್ ಕೀ ಸೆಟ್, ಚೈನ್ ಬಿಚ್ಚುವ ಟೂಲ್, ಚೈನಿನ ಕೂಡುಕೊಂಡಿ, ಬ್ರೇಕಿಗೂ ಗೇರಿಗೂ ಒಂದೊಂದು ಕೇಬಲ್, ಡಿಸ್ಕ್ ಬ್ರೇಕಿನ ಪ್ಯಾಡ್ ಒಂದು ಜೊತೆ, ಚೈನ್ ಎಣ್ಣೆ ಸಣ್ಣ ಬಾಟಲಿ, ಪ್ಲಾಸ್ಟಿಕ್ ಟೈ, ಹಳೆಯ ಟೈರಿನ ಅಂಗೈ ಅಗಲದ ತುಂಡು. ಟೈರ್ ಸೀಳಿದರೆ ಒಳಗಡೆ ಇಡಲು ಆ ತುಂಡು. ಎಲ್ಲ ಸೇರಿ ಒಂದು ಪೆನ್ಸಿಲ್ ಬಾಕ್ಸ್ ಚೀಲದಲ್ಲಿ ಹಿಡಿಯಿತು.

ಚೀಲ ಕಟ್ಟಿದ್ದು ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ. ಅಲ್ಲಿ ಸಂಜೆ ಹೊತ್ತು ಕೊಯ್ದ ಹಣ್ಣು ತೂಗುವ ಕೊಕ್ಕೆಯ ತಕ್ಕಡಿ ಇದೆ. ಕ್ಯಾರಿಯರ್‌ನ ಎರಡು ಬದಿಗೆ ನೇತುಹಾಕುವ ಪ್ಯಾನಿಯರ್ ಚೀಲ ಎರಡು, ಹ್ಯಾಂಡಲ್‌ಗೆ ಒಂದು ಸಣ್ಣ ಚೀಲ. ಬೇಕು ಅನಿಸಿದ್ದನ್ನೆಲ್ಲ ತುಂಬಿ ಮೊದಲ ಸಲ ಕೊಕ್ಕೆಗೆ ಹಾಕಿದಾಗ ಒಟ್ಟು 17 ಕೆ.ಜಿ. ತೋರಿಸಿತು. ಅಣ್ಣ ಪಕ್ಕದಲ್ಲೇ ನಿಂತಿದ್ದ. "ತಲಕಾವೇರಿಯಿಂದ ಇಳಿಯುವಾಗ ಏನೂ ಗೊತ್ತಾಗಲ್ಲ ಕಣೆ, ಮಾದಪ್ಪನ ಬೆಟ್ಟದಲ್ಲಿ ಒಂದೊಂದು ಕೆ.ಜಿ.ಯೂ ಮಾತಾಡುತ್ತೆ" ಅಂದ. ಎಲ್ಲವನ್ನೂ ಟಾರ್ಪಾಲಿನ ಮೇಲೆ ಸುರಿದು, ಊರಿನ ಹಾಳೆ ಪಕ್ಕದಲ್ಲಿಟ್ಟುಕೊಂಡು ಮತ್ತೆ ಶುರು ಮಾಡಿದೆ.

ಮೊದಲು ಹೊರಬಿದ್ದದ್ದು ಟೆಂಟ್. ಹಾಳೆಯಲ್ಲಿ ಪ್ರತಿ ರಾತ್ರಿಗೂ ಲಾಡ್ಜ್ ಇರುವ ಊರು ಸಿಕ್ಕಿತ್ತು. ಟೆಂಟ್ ಹೋದ ಮೇಲೆ ಮ್ಯಾಟ್, ಮಲಗುವ ಚೀಲ ಎರಡಕ್ಕೂ ಕೆಲಸ ಇಲ್ಲ. ಒಲೆ, ಗ್ಯಾಸ್, ಪಾತ್ರೆ ಹೋಯಿತು. ಈ ದಾರಿಯಲ್ಲಿ ಇಡ್ಲಿ ಸಿಗದ ಬೆಳಗ್ಗೆ ಎಲ್ಲಿದೆ ಹೇಳಿ. ಹಿಮಾಲಯಕ್ಕೆ ಹೋಗುವವರ ಪಟ್ಟಿ ನೋಡಿಕೊಂಡು ಕಾವೇರಿ ಬಯಲಿಗೆ ಸಾಮಾನು ಕಟ್ಟುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಸೋಪು, ಪೇಸ್ಟು, ಶಾಂಪೂ ಸಣ್ಣ ಪೊಟ್ಟಣ ಮಾತ್ರ. ಸೊಳ್ಳೆ ಬತ್ತಿ, ಬಾಳೆಹಣ್ಣು, ಕಡಲೆ ಚಿಕ್ಕಿ ಎಲ್ಲ ದಾರಿಯಲ್ಲೇ.

ಬಟ್ಟೆಗೆ ತಲೆ ಜಾಸ್ತಿ ಕೆಡಿಸಿಕೊಂಡೆ. ಮಡಿಕೇರಿಯ ಚಳಿ ಬೆಳಗ್ಗೆ, ಕರೂರಿನ 33–34 ಡಿಗ್ರಿ ಮಧ್ಯಾಹ್ನ, ಎರಡಕ್ಕೂ ಒಂದೇ ಚೀಲ. ಪ್ಯಾಡ್ ಇರುವ ಶಾರ್ಟ್ಸ್ ಎರಡು, ಬೇಗ ಒಣಗುವ ತುಂಬುತೋಳಿನ ಅಂಗಿ ಎರಡು. ಒಂದು ಮೈಮೇಲೆ, ಒಂದು ಒಗೆದು ಒಣಹಾಕಿದ್ದು. ರಾತ್ರಿ ಪೂರ್ತಿ ಒಣಗದಿದ್ದರೆ ಚೀಲದ ಮೇಲೆ ಪಿನ್ ಹಾಕಿ ಹರಡಿದರೆ ಹತ್ತು ಗಂಟೆಗೆಲ್ಲ ಒಣಗುತ್ತದೆ. ಸಂಜೆಗೆ ಹತ್ತಿಯ ಸಲ್ವಾರ್ ಕಮೀಜ್ ಒಂದು. ಶಾರ್ಟ್ಸ್ ಹಾಕಿಕೊಂಡು ತಮಿಳುನಾಡಿನ ದೇವಸ್ಥಾನಗಳ ಒಳಗೆ ಹೋಗಲಾಗದು, ಶ್ರೀರಂಗಂವರೆಗೆ ಹೋಗಿ ಹೊರಗೆ ನಿಲ್ಲಲು ನನಗೆ ಮನಸ್ಸಿಲ್ಲ. ಬೆಟ್ಟದ ಇಳಿಜಾರಿಗೆ ತೆಳ್ಳಗಿನ ವಿಂಡ್‌ಚೀಟರ್. ಸ್ವೆಟರ್ ಬೇಡ, ಏರು ಶುರುವಾದ ಕೂಡಲೇ ಮೈ ಬಿಸಿಯಾಗುತ್ತದೆ. ಇವೆಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ದೊಡ್ಡ ಹತ್ತಿ ದುಪಟ್ಟಾ. ಬಿಸಿಲಿಗೆ ಹೆಲ್ಮೆಟ್ ಕೆಳಗೆ ತಲೆಗೆ, ಕತ್ತಿಗೆ. ಸ್ನಾನಕ್ಕೆ ಟವಲ್. ಲಾಡ್ಜಿನ ಹಾಸಿಗೆ ಹಿಡಿಸದಿದ್ದರೆ ಮೇಲೆ ಹಾಸಲು.

ಔಷಧಿ ಡಬ್ಬಿಯಲ್ಲಿ ಓಆರ್‌ಎಸ್ ಜಾಸ್ತಿ ಇಟ್ಟೆ. ನಮ್ಮ ಊರಿನ ಮೈಗೆ ಬಯಲಿನ ಬೆವರು ಗೊತ್ತಿಲ್ಲ. ಜ್ವರದ ಮಾತ್ರೆ, ಗಾಯದ ಮುಲಾಮು, ಬ್ಯಾಂಡೇಜ್, ತೊಡೆ ಉಜ್ಜಿ ಉರಿಯದ ಹಾಗೆ ಹಚ್ಚಲು ಪೆಟ್ರೋಲಿಯಂ ಜೆಲ್ಲಿ. ಈ ಕೊನೆಯದರ ಬಗ್ಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೀಟಿನ ಹುಣ್ಣಾದರೆ ಕಾಲಲ್ಲಿ ಎಷ್ಟು ಶಕ್ತಿ ಇದ್ದರೂ ಪ್ರಯಾಣ ಅಲ್ಲಿಗೇ ನಿಲ್ಲುತ್ತದೆ. ದಿನಾ ಬೆಳಗ್ಗೆ ಹಚ್ಚಬೇಕು, ದಿನಾ ಸಂಜೆ ಶಾರ್ಟ್ಸ್ ಒಗೆಯಬೇಕು. ಎಷ್ಟೇ ಸುಸ್ತಾಗಿದ್ದರೂ.

ಅವ್ವ ಅಡಿಗೆಮನೆಯಿಂದ ಜೇನಿನ ಗಾಜಿನ ಬಾಟಲಿ ತಂದಿಟ್ಟರು. "ಅವ್ವಾ, ಗಾಜು ಒಡೆದರೆ ಬಟ್ಟೆಯೆಲ್ಲ ಹಾಳು" ಅಂದೆ. "ಹಾಗಾದರೆ ಪ್ಲಾಸ್ಟಿಕ್‌ಗೆ ಹಾಕಿ ಕೊಡ್ತೀನಿ, ನಮ್ಮ ತೋಟದ ಜೇನು ನಿನಗೆ ಕರೂರಲ್ಲಿ ಎಲ್ಲಿ ಸಿಗುತ್ತೆ?" ಅಂದರು. ನನ್ನ ಪ್ರಶ್ನೆಯಲ್ಲೇ ನನ್ನನ್ನು ಹಿಡಿದುಬಿಟ್ಟರು. ಸಣ್ಣ ಬಾಟಲಿಯಲ್ಲಿ ಜೇನು ಬಂತು. ನಿಂಬೆರಸ, ಉಪ್ಪು, ಜೇನು ಕಲಸಿದ ನೀರು ದಿನವೂ ಕುಡಿದೆ.

ಎರಡನೇ ಸಲ ತೂಗಿದಾಗ 11 ಕೆ.ಜಿ. ನೀರು ಬೇರೆ. ಭಾರದ ಸಾಮಾನು ಚೀಲದ ತಳಕ್ಕೆ, ಎರಡು ಬದಿಯ ತೂಕ ಸಮ. ಒಂದು ಬದಿ ಒಂದು ಕೆ.ಜಿ. ಜಾಸ್ತಿಯಾದರೂ ನಿಧಾನವಾಗಿ ಏರು ಹತ್ತುವಾಗ ಸೈಕಲ್ ಆ ಕಡೆಗೇ ಎಳೆಯುತ್ತದೆ.

ಹಾಗೆ ಪೂರ್ತಿ ಕಟ್ಟಿಕೊಂಡು ಸಂಪಾಜೆ ಘಾಟಿ ಇಳಿದು ನೋಡಿದೆ. ಭಾರ ಇದ್ದಾಗ ಬ್ರೇಕ್ ಹೇಗೆ ಹಿಡಿಯುತ್ತದೆ ಅನ್ನುವುದು ಇಳಿದೇ ಗೊತ್ತಾಗಬೇಕು. ಉದ್ದಕ್ಕೂ ಒತ್ತಿ ಹಿಡಿದೇ ಇದ್ದರೆ ಡಿಸ್ಕ್ ಕಾದು ಕಿರುಗುಟ್ಟುತ್ತದೆ. ತಿರುವಿನ ಮೊದಲೇ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನಲ್ಲಿ ಬಿಡಬೇಕು. ಕೈಬೆರಳು ಸೋತರೆ ನಿಂತು ಐದು ನಿಮಿಷ ಕೂರಬೇಕು. ವಾಪಸ್ ಮಡಿಕೇರಿಗೆ 25 ಕಿ.ಮೀ.ಗೂ ಜಾಸ್ತಿ ಏರು. ಅದನ್ನು ಹತ್ತಿ ಬಂದ ಮೇಲೆ ಮಾದಪ್ಪನ ಬೆಟ್ಟದ ಬಗ್ಗೆ ಇದ್ದ ಅಳುಕು ಬಹಳ ಮಟ್ಟಿಗೆ ಹೋಯಿತು. ಆ ದಿನವೇ ಹ್ಯಾಂಡಲ್‌ನ ಬಲಗಡೆಗೆ ಕನ್ನಡಿ ಹಾಕಿಸಲು ತೀರ್ಮಾನ ಮಾಡಿದೆ. ಹಿಂದಿನಿಂದ ಬರುವ ಬಸ್ಸನ್ನು ತಲೆ ತಿರುಗಿಸದೆ ನೋಡುವುದು ಎಷ್ಟು ದೊಡ್ಡ ಅನುಕೂಲ ಅನ್ನುವುದು ಕನ್ನಡಿ ಬಂದ ಮೇಲೆ ಗೊತ್ತಾಗುತ್ತದೆ. ಹಿಂದಿನ ಕೆಂಪು ದೀಪವನ್ನು ಹಗಲಲ್ಲೂ ಮಿನುಗಿಸುತ್ತಲೇ ಇದ್ದೆ.

ಭಾಷೆಯ ತಯಾರಿಯೂ ಬೇಕಿತ್ತು. ನನಗೆ ತಮಿಳು ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನಮ್ಮ ತೋಟಕ್ಕೆ ಕೊಯ್ಲಿಗೆ ಬರುವ ತಮಿಳು ಅಕ್ಕ ಒಬ್ಬರು ಮಧ್ಯಾಹ್ನ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಪಾಠಕ್ಕೆ ಕೂರುತ್ತಿದ್ದರು. ಅವರು ಹೇಳುವುದು, ನಾನು ಕನ್ನಡದಲ್ಲಿ ಬರೆದುಕೊಳ್ಳುವುದು. "ಇಂದ ಊರ್ಲ ಲಾಡ್ಜ್ ಇರುಕ್ಕಾ?" (ಈ ಊರಲ್ಲಿ ಲಾಡ್ಜ್ ಇದೆಯಾ?), "ಸೈಕಿಳ್ ಉಳ್ಳ ವೆಕ್ಕಲಾಮಾ?" (ಸೈಕಲ್ ಒಳಗೆ ಇಡಬಹುದಾ?). ಎರಡನೆಯದನ್ನು ಅವರು ನನ್ನಿಂದ ಮತ್ತೆ ಮತ್ತೆ ಹೇಳಿಸಿದರು. ಯಾಕೆಂದರೆ ರಾತ್ರಿ ಸೈಕಲ್ ಒಳಗೆ ಇಡಲು ಬಿಡದ ಲಾಡ್ಜಿನಲ್ಲಿ ನಾನು ಇಳಿಯುವುದಿಲ್ಲ ಅಂತ ಅವರಿಗೆ ಹೇಳಿದ್ದೆ. "ಅಣ್ಣಾ ಅಂತ ಸೇರಿಸಿ ಕೇಳು, ಬಿಡ್ತಾರೆ" ಅಂದರು. ಹಾಗೆ ಕೇಳಿದ ಕಡೆಯೆಲ್ಲ ಬಿಟ್ಟರು. ಒಂದು ಕಡೆ ಮಾಲೀಕರೇ ಬಂದು ಮೆಟ್ಟಿಲ ಮೇಲೆ ಸೈಕಲ್ ಎತ್ತಿಕೊಟ್ಟರು.

ಒಬ್ಬಳೇ ಹೋಗುವ ಹೆಂಗಸಿಗೆ ಬೇರೆ ಕೆಲವು ಲೆಕ್ಕ ಇವೆ. ಸಂಜೆ ನಾಲ್ಕರ ಒಳಗೆ ಊರು ಸೇರಬೇಕು. ರೂಮು ಹಿಡಿಸದಿದ್ದರೆ ಬೇರೆ ನೋಡಲು ಬೆಳಕಿರಬೇಕು. ಬಾಗಿಲ ಚಿಲಕ ಒಳಗಿನಿಂದ ಗಟ್ಟಿಯಾಗಿ ಹಾಕಿ ನೋಡಿದ ಮೇಲೆಯೇ ದುಡ್ಡು ಕೊಡುವುದು. ದಾರಿಯಲ್ಲಿ ಸಿಕ್ಕವರು ಇವತ್ತು ಎಲ್ಲಿ ಉಳಿಯುತ್ತೀರಿ ಅಂತ ಕೇಳಿದರೆ, ಒಳ್ಳೆಯವರೇ ಆಗಿರಲಿ, ಲಾಡ್ಜಿನ ಹೆಸರು ಹೇಳುವುದಿಲ್ಲ. ಶೌಚಾಲಯಕ್ಕೆ ದೊಡ್ಡ ಪೆಟ್ರೋಲ್ ಬಂಕ್‌ಗಳು ಒಳ್ಳೆಯವು, ಅವು ಎಲ್ಲೆಲ್ಲಿ ಇವೆ ಅಂತ ಹಾಳೆಯಲ್ಲಿ ಗುರುತು ಮಾಡಿದ್ದೆ. ಆಧಾರ್‌ನ ಜೆರಾಕ್ಸ್ ಜಾಸ್ತಿ ಇಟ್ಟುಕೊಳ್ಳಿ, ಪ್ರತಿ ಲಾಡ್ಜಿನಲ್ಲೂ ಕೇಳುತ್ತಾರೆ. ಸಣ್ಣ ನೋಟುಗಳೂ ಇರಲಿ. ಹೆಲ್ಮೆಟ್ ಒಳಗೆ ನನ್ನ ಹೆಸರು, ರಕ್ತದ ಗುಂಪು, ಅಣ್ಣನ ನಂಬರ್ ಬರೆದ ಚೀಟಿ ಅಂಟಿಸಿದ್ದೆ.

ಅಣ್ಣನ ಜೊತೆ ಒಪ್ಪಂದ ಸರಳವಾಗಿತ್ತು. ಹಾಳೆಯ ಒಂದು ಪ್ರತಿ ಅವನ ಹತ್ತಿರ. ಬೆಳಗ್ಗೆ ಹೊರಡುವಾಗ ಒಂದು ಮೆಸೇಜ್, ಸಂಜೆ ರೂಮು ಸೇರಿದ ಮೇಲೆ ಒಂದು. ನಡುವೆ ಫೋನ್ ಬರದಿದ್ದರೆ ಗಾಬರಿ ಬೇಡ, ಪಾಲಾರ್ ಕಡೆಯ ಕಾಡಿನಲ್ಲಿ ಸಿಗ್ನಲ್ ಇರಲಿಕ್ಕಿಲ್ಲ. ಸಂಜೆ ಏಳರವರೆಗೂ ಸುದ್ದಿ ಇಲ್ಲ ಅಂದರೆ ಮಾತ್ರ ಅವನು ಆ ದಿನದ ಲಾಡ್ಜಿಗೆ ಫೋನ್ ಮಾಡುವುದು, ಅಲ್ಲೂ ಇಲ್ಲ ಅಂದರೆ 112. ಇಷ್ಟು ಮಾತಾಡಿಕೊಂಡ ಮೇಲೆ ಅವ್ವನಿಗೂ ನಿದ್ದೆ ಬಂತು, ನನಗೂ ಬಂತು.

ವಾಪಸ್ ಬರುವುದನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಕೊಡಗಿಗೆ ರೈಲೇ ಇಲ್ಲ, ನಮಗೆ ಹತ್ತಿರದ ದೊಡ್ಡ ಸ್ಟೇಷನ್ ಮೈಸೂರು. ಮೈಲಾಡುತುರೈ ಕಡೆಯಿಂದ ಕುಂಭಕೋಣಂ, ತಂಜಾವೂರು, ತಿರುಚ್ಚಿ, ಈರೋಡು, ಬೆಂಗಳೂರು ಮೇಲೆ ಮೈಸೂರಿಗೆ ಬರುವ ರಾತ್ರಿ ರೈಲಿದೆ. ನಮ್ಮ ಟಿಕೆಟ್ ತೋರಿಸಿ ಸೈಕಲನ್ನು ಲಗೇಜ್ ಅಂತ ಬುಕ್ ಮಾಡಬಹುದು. ರೈಲು ಹೊರಡುವ ಎರಡು ಮೂರು ಗಂಟೆ ಮೊದಲೇ ಪಾರ್ಸೆಲ್ ಆಫೀಸಿಗೆ ಹೋಗುವುದು ಒಳ್ಳೆಯದು. ಚೀಲ, ಬಾಟಲಿ, ದೀಪ, ಕನ್ನಡಿ ಎಲ್ಲ ಬಿಚ್ಚಿ ನಮ್ಮ ಜೊತೆ ಇಟ್ಟುಕೊಳ್ಳಬೇಕು. ಗೇರಿನ ಭಾಗಕ್ಕೆ ರಟ್ಟು ಸುತ್ತಬೇಕು, ರಟ್ಟು ಅಲ್ಲಿಯೇ ಯಾವ ಅಂಗಡಿಯಲ್ಲಾದರೂ ಕೊಡುತ್ತಾರೆ. ಹೆಸರು, ಹೊರಟ ಸ್ಟೇಷನ್, ಸೇರುವ ಸ್ಟೇಷನ್ ದಪ್ಪಗೆ ಬರೆದ ಚೀಟಿಯನ್ನು ಫ್ರೇಮಿನ ಎರಡು ಕಡೆ ಕಟ್ಟಬೇಕು. ಅದಕ್ಕೆ ಮಾರ್ಕರ್ ಪೆನ್ನನ್ನು ಮನೆಯಿಂದಲೇ ಹಾಕಿಕೊಂಡಿದ್ದೆ. ಮೈಸೂರಿನಿಂದ ಮೇಲಕ್ಕೆ ನಮ್ಮ ಪಿಕಪ್.

ಗಾಳಿಯ ಬಗ್ಗೆಯೂ ಹೇಳಬೇಕು. ಫೆಬ್ರವರಿಯಲ್ಲಿ ತಿರುಚ್ಚಿ ದಾಟಿ ಸಮುದ್ರದ ಕಡೆ ಹೋಗುವವರಿಗೆ ಗಾಳಿ ಹೆಚ್ಚಾಗಿ ಎದುರಿನಿಂದ, ಮಧ್ಯಾಹ್ನದ ಮೇಲಂತೂ ಸಮುದ್ರದ ಗಾಳಿ ಜೋರು. ಇದು ಮೊದಲೇ ಗೊತ್ತಿದ್ದ ಕಾರಣ ಕೊನೆಯ ದಿನಗಳ ದೂರವನ್ನು 50 ಕಿ.ಮೀ.ಗೆ ಇಳಿಸಿ, ಬೆಳಕು ಹರಿದ ಕೂಡಲೇ ಹೊರಟು ಹನ್ನೊಂದಕ್ಕೆಲ್ಲ ಮುಗಿಸುವ ಹಾಗೆ ಹಾಳೆ ಬರೆದಿದ್ದೆ. ರಸ್ತೆ ಚಪ್ಪಟೆ ಅಂತ ನೋಡಿ ಆ ದಿನಗಳಿಗೇ ಜಾಸ್ತಿ ದೂರ ಹಾಕುವವರಿದ್ದಾರೆ. ಹಾಕಬೇಡಿ.

ಮನೆಗೆ ಬಂದ ಮೇಲೆ ಅದೇ ಶೆಡ್ಡಿನಲ್ಲಿ ಚೀಲ ಬಿಚ್ಚಿ ಸಾಮಾನನ್ನು ವಿಂಗಡಿಸಿದೆ. ಮುಟ್ಟದೆ ಉಳಿದದ್ದು ಕಡ್ಡಿಗಳು, ಕೇಬಲ್, ಗೇರ್ ಬಿಚ್ಚುವ ಟೂಲ್, ಬ್ರೇಕ್ ಪ್ಯಾಡ್. ಇವು ಮುಂದಿನ ಸಲವೂ ಬರುತ್ತವೆ. ಎರಡು ಟ್ಯೂಬೂ ಕೆಲಸಕ್ಕೆ ಬಂದವು. ಜಾಲಿಮುಳ್ಳು ಕೊಡುಮುಡಿಯ ಹತ್ತಿರ ಒಂದೇ ಬೆಳಗ್ಗೆ ಎರಡು ಸಲ ಕೈಕೊಟ್ಟಿತು. ಮುಂದಿನ ಸಲ ವಿಂಡ್‌ಚೀಟರ್ ಇನ್ನೂ ತೆಳ್ಳಗಿನದು ನೋಡಬೇಕು, ಆ ಜಾಗದಲ್ಲಿ ಮೂರನೇ ಟ್ಯೂಬ್ ಇಡಬೇಕು. ಹಾಳೆಯ ಮೇಲೆ ಲಾಡ್ಜ್‌ಗಳ ಮುಂದೆ ನಾನು ದಾರಿಯಲ್ಲಿ ಗೀಚಿದ ಟಿಪ್ಪಣಿಗಳಿವೆ: ಎಲ್ಲಿ ಸೈಕಲ್ ಒಳಗೆ ಬಿಟ್ಟರು, ಎಲ್ಲಿ ಚಿಲಕ ಗಟ್ಟಿ, ಎಲ್ಲಿ ಬೆಳಗ್ಗೆ ಆರಕ್ಕೆ ಇಡ್ಲಿ. ಈ ದಾರಿಯಲ್ಲಿ ಹೊರಡಬೇಕು ಅನ್ನುವವರು ಯಾರಾದರೂ ಇದ್ದರೆ, ವಿಶೇಷವಾಗಿ ಒಬ್ಬಳೇ ಹೊರಡುವ ಹೆಣ್ಣುಮಕ್ಕಳು, ಕೇಳಿ. ಹಾಳೆಯ ಜೆರಾಕ್ಸ್ ಕೊಡುತ್ತೇನೆ.